ಡಿಪ್ ಬಟ್ಟಲಿನೊಳಗೆ ಒಂದು ಹಳೇ ಲೆಕ್ಕ

ಅಮೆರಿಕದಲ್ಲಿ ಸೂಪರ್ ಬೌಲ್ ಮ್ಯಾಚ್ ದಿನ ಟಿವಿ ಮುಂದೆ ಡಿಪ್ ಇಲ್ಲದ ಮನೆ ಕಡಿಮೆ. ನಂಗೆ ಕುತೂಹಲ ಹುಟ್ಟಿಸಿದ್ದು ಮಫುಲೆಟ್ಟಾ ಡಿಪ್. ಕ್ರೀಮ್ ಚೀಸ್‌ಗೆ ಹೆಚ್ಚಿದ ಆಲಿವ್, ಸಲಾಮಿ, ಹ್ಯಾಮ್, ಪ್ರೊವೊಲೋನ್ ಚೀಸ್ ಬೆರೆಸಿದ್ರೆ ಮುಗೀತು. ಬ್ರೆಡ್ ತುಂಡು ಅದ್ದಿ ತಿನ್ನೋದು.

ಆ ಹೆಸರು ಬಂದದ್ದು ಒಂದು ಸ್ಯಾಂಡ್‌ವಿಚ್‌ನಿಂದ. 1906ರಲ್ಲಿ ಸಿಸಿಲಿಯಿಂದ ವಲಸೆ ಬಂದ ಸಾಲ್ವಟೋರೆ ಲೂಪೊ ನ್ಯೂ ಆರ್ಲಿಯನ್ಸ್‌ನಲ್ಲಿ ಸೆಂಟ್ರಲ್ ಗ್ರೋಸರಿ ತೆರೆದರು. ಹತ್ತಿರದ ಮಾರ್ಕೆಟ್‌ಗೆ ತರಕಾರಿ ತರ್ತಿದ್ದ ಸಿಸಿಲಿಯ ರೈತರು ಬ್ರೆಡ್, ಮಾಂಸ, ಚೀಸ್, ಆಲಿವ್ ಬೇರೆ ಬೇರೆ ಕೊಂಡು, ತೊಡೆ ಮೇಲಿಟ್ಟು ತಿನ್ನೋಕೆ ಒದ್ದಾಡ್ತಿದ್ರು. ಎಲ್ಲವನ್ನೂ ಎಳ್ಳಿನ ದುಂಡು ಬ್ರೆಡ್ಡೊಳಗೆ ತುಂಬಿಕೊಟ್ಟದ್ದು ಲೂಪೊ ಅನ್ನೋದು ಅವರ ಮನೆಯವರ ಮಾತು.

ಇದಕ್ಕೆ ಹದಿನೈದು ವರ್ಷ ಮೊದಲು, 1891ರ ಮಾರ್ಚ್ 14ರಂದು, ಇದೇ ಊರಲ್ಲಿ ಗುಂಪೊಂದು ಜೈಲಿಗೆ ನುಗ್ಗಿ ಇಟಲಿ ಮೂಲದ 11 ಜನರನ್ನು ಕೊಂದಿತ್ತು. ಪೊಲೀಸ್ ಮುಖ್ಯಸ್ಥನ ಕೊಲೆ ಆರೋಪ ಅವರ ಮೇಲಿತ್ತು. ಕೋರ್ಟ್ ಒಬ್ಬರನ್ನೂ ಅಪರಾಧಿ ಅಂದಿರಲಿಲ್ಲ.

ಊರಿನ ಮೇಯರ್ ಕ್ಷಮೆ ಕೇಳಿದ್ದು 2019ರಲ್ಲಿ. ಬಿಕಾಂ ಓದಿದ ನಂಗೆ ಲೆಕ್ಕ ಹಾಕೋ ಚಾಳಿ: 128 ವರ್ಷ. ಅವರ ಸ್ಯಾಂಡ್‌ವಿಚ್ ಅಷ್ಟರೊಳಗೆ ಊರಿನ ಹೆಮ್ಮೆಯಾಗಿತ್ತು.

ಈ ಡಿಪ್ ಮಾಡಿದ್ರೆ, ಪಕ್ಕದಲ್ಲಿ ಕೂತವರಿಗೆ ಆ 11 ಜನರ ಬಗ್ಗೆಯೂ ಹೇಳಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.