ವಿಶ್ವ ಜೂನಿಯರ್ ಬ್ಯಾಡ್ಮಿಂಟನ್: ಪದಕ ಹೇಳುವುದೇನು?

ವಿಶ್ವ ಜೂನಿಯರ್ ಬ್ಯಾಡ್ಮಿಂಟನ್ ಚಾಂಪಿಯನ್‌ಷಿಪ್ 19 ವರ್ಷದೊಳಗಿನ ಆಟಗಾರರ ಅತ್ಯುನ್ನತ ಪಂದ್ಯಾವಳಿ. 1992ರಲ್ಲಿ ಇಂಡೋನೇಷ್ಯಾದ ಜಕಾರ್ತಾದಲ್ಲಿ ಆರಂಭವಾದ ಈ ಸ್ಪರ್ಧೆ ಮೊದಲು ಎರಡು ವರ್ಷಗಳಿಗೊಮ್ಮೆ ನಡೆಯುತ್ತಿತ್ತು. 2006ರ ತರುವಾಯ ವಾರ್ಷಿಕ ಸ್ಪರ್ಧೆಯಾಯಿತು. ಕೋವಿಡ್ ಪಿಡುಗಿನ ಕಾರಣ 2020 ಮತ್ತು 2021ರಲ್ಲಿ ಮಾತ್ರ ನಡೆಯಲಿಲ್ಲ. ನಮ್ಮ ಮಹಾನಗರಗಳಲ್ಲಿ ಮಕ್ಕಳನ್ನು ಬೆಳಗಿನ ಜಾವವೇ ತರಬೇತಿಗೆ ಕರೆದೊಯ್ಯುವ ಕನ್ನಡ ಕುಟುಂಬಗಳು ಕಡಿಮೆಯೇನಿಲ್ಲ. ಅಂಥವರಿಗೆ ಈ ಪಂದ್ಯಾವಳಿಯ ಇತಿಹಾಸ ಉಪಯುಕ್ತವಾದೀತೆಂದು ಭಾವಿಸುತ್ತೇವೆ.

ಸ್ಪರ್ಧೆಯ ಸ್ವರೂಪ

ಬಾಲಕರ ಸಿಂಗಲ್ಸ್, ಬಾಲಕಿಯರ ಸಿಂಗಲ್ಸ್, ಬಾಲಕರ ಡಬಲ್ಸ್, ಬಾಲಕಿಯರ ಡಬಲ್ಸ್ ಹಾಗೂ ಮಿಶ್ರ ಡಬಲ್ಸ್ ಎಂಬ ಐದು ವೈಯಕ್ತಿಕ ವಿಭಾಗಗಳಿವೆ. 2000ದಿಂದ ಮಿಶ್ರ ತಂಡ ವಿಭಾಗವೂ ಸೇರಿದೆ. ತಂಡ ವಿಭಾಗದ ವಿಜೇತರಿಗೆ 2009ರಿಂದ ಸುಹಂದಿನಾತಾ ಕಪ್ ನೀಡಲಾಗುತ್ತಿದೆ. ಸೆಮಿಫೈನಲ್‌ನಲ್ಲಿ ಸೋತ ಇಬ್ಬರಿಗೂ ಕಂಚಿನ ಪದಕ ದೊರೆಯುತ್ತದೆ; ಮೂರನೆಯ ಸ್ಥಾನಕ್ಕಾಗಿ ಪ್ರತ್ಯೇಕ ಪಂದ್ಯವಿಲ್ಲ.

ಇಲ್ಲಿ ಗೆದ್ದು ಮುಂದೆ ವಿಶ್ವವಿಖ್ಯಾತರಾದವರು ಅನೇಕರು. ಥಾಯ್ಲೆಂಡಿನ ರಚಾನೊಕ್ ಇಂಟನಾನ್ 2009ರಿಂದ 2011ರವರೆಗೆ ಸತತ ಮೂರು ಬಾರಿ ಬಾಲಕಿಯರ ಸಿಂಗಲ್ಸ್ ಗೆದ್ದು, 2013ರಲ್ಲಿ ಹಿರಿಯರ ವಿಶ್ವ ಚಾಂಪಿಯನ್ ಆದರು. ಅದೇ ದೇಶದ ಕುನ್ಲಾವುತ್ ವಿಟಿಡ್‌ಸರ್ನ್ 2017ರಿಂದ 2019ರವರೆಗೆ ಬಾಲಕರಲ್ಲಿ ಅದೇ ಸಾಧನೆ ಮಾಡಿದರು. 2010ರ ಬಾಲಕರ ಚಾಂಪಿಯನ್, ಡೆನ್ಮಾರ್ಕಿನ ವಿಕ್ಟರ್ ಅಕ್ಸೆಲ್‌ಸನ್, ಟೋಕಿಯೊ ಮತ್ತು ಪ್ಯಾರಿಸ್ ಒಲಿಂಪಿಕ್ಸ್‌ಗಳೆರಡರಲ್ಲೂ ಚಿನ್ನ ಗೆದ್ದರು.

ಭಾರತೀಯರ ಸಾಧನೆ

ಭಾರತಕ್ಕೆ ಮೊದಲ ಪದಕ ತಂದವರು ಮುಂಬಯಿಯ ಅಪರ್ಣಾ ಪೋಪಟ್. ಅವರು 1994ರಲ್ಲಿ ಮನೆ ಬಿಟ್ಟು ಬೆಂಗಳೂರಿಗೆ ಬಂದು, ಅದೇ ವರ್ಷ ಆರಂಭವಾಗಿದ್ದ ಪ್ರಕಾಶ್ ಪಡುಕೋಣೆ ಅಕಾಡೆಮಿಯನ್ನು ಸೇರಿದರು. 1996ರಲ್ಲಿ ಡೆನ್ಮಾರ್ಕಿನ ಸಿಲ್ಕೆಬೋರ್ಗ್‌ನಲ್ಲಿ ಬೆಳ್ಳಿ ಪಡೆದರು. ಅನಂತರ ಸತತ ಒಂಬತ್ತು ಬಾರಿ ರಾಷ್ಟ್ರೀಯ ಚಾಂಪಿಯನ್ ಆದರು.

ಹೈದರಾಬಾದಿನ ಸೈನಾ ನೆಹ್ವಾಲ್ 2006ರಲ್ಲಿ ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ ಫೈನಲ್ ತಲುಪಿ, ಚೀನಾದ ವಾಂಗ್ ಯಿಹಾನ್ ಎದುರು ಸೋತರು. ಎರಡು ವರ್ಷಗಳ ನಂತರ ಪಂದ್ಯಾವಳಿ ಪುಣೆಗೆ ಬಂದಿತು. ಅಲ್ಲಿ ಜಪಾನಿನ ಸಯಾಕಾ ಸಾಟೊ ಅವರನ್ನು ಮಣಿಸಿ ಸೈನಾ ಚಿನ್ನ ಗೆದ್ದರು. 2025ರ ಪಂದ್ಯಾವಳಿ ಮುಗಿದಾಗಲೂ ಅದೇ ಭಾರತದ ಏಕೈಕ ಚಿನ್ನವಾಗಿತ್ತು.

ಬಾಲಕರಲ್ಲಿ ಸಿರಿಲ್ ವರ್ಮಾ 2015ರಲ್ಲಿ, ಶಂಕರ್ ಮುತ್ತುಸ್ವಾಮಿ 2022ರಲ್ಲಿ ಬೆಳ್ಳಿ ಗೆದ್ದರು. ಕಂಚು ಪಡೆದವರಲ್ಲಿ ಇಬ್ಬರ ನಂಟು ಬೆಂಗಳೂರಿನ ಅದೇ ಅಕಾಡೆಮಿಗಿದೆ. ಒಬ್ಬರು ಉತ್ತರಾಖಂಡದ ಅಲ್ಮೋರಾದಿಂದ ಬಾಲ್ಯದಲ್ಲೇ ಬಂದ ಲಕ್ಷ್ಯ ಸೇನ್; ಅವರ ಪದಕ 2018ರದು. ಮತ್ತೊಬ್ಬರು ಕಾರ್ಕಳ ತಾಲ್ಲೂಕಿನ ಸಾಣೂರಿನ ಆಯುಷ್ ಶೆಟ್ಟಿ. 2023ರಲ್ಲಿ ಅಮೆರಿಕದ ಸ್ಪೊಕೇನ್‌ನಲ್ಲಿ ಕಂಚು ಗೆದ್ದ ಅವರು, 2025ರಲ್ಲಿ ಯುಎಸ್ ಓಪನ್ ಪ್ರಶಸ್ತಿಯನ್ನೂ ಗಳಿಸಿದರು.

2025ರ ಅಕ್ಟೋಬರ್‌ನಲ್ಲಿ ಪಂದ್ಯಾವಳಿ ಗುವಾಹಟಿಯಲ್ಲಿ ನಡೆಯಿತು. ಮಿಶ್ರ ತಂಡ ವಿಭಾಗದಲ್ಲಿ ಭಾರತ ಕೊರಿಯಾವನ್ನು ಸೋಲಿಸಿ, ಸೆಮಿಫೈನಲ್‌ನಲ್ಲಿ ಇಂಡೋನೇಷ್ಯಾಕ್ಕೆ ಶರಣಾಗಿ, ತನ್ನ ಮೊದಲ ತಂಡ ಪದಕವಾದ ಕಂಚನ್ನು ಪಡೆಯಿತು. ಬಾಲಕಿಯರ ಸಿಂಗಲ್ಸ್‌ನಲ್ಲಿ ಪಂಜಾಬಿನ ತನ್ವಿ ಶರ್ಮಾ ಬೆಳ್ಳಿ ಗೆದ್ದರು. ಸೈನಾ ನಂತರ ಈ ವಿಭಾಗದ ಫೈನಲ್ ತಲುಪಿದ ಭಾರತೀಯ ಆಟಗಾರ್ತಿ ಅವರೇ. ನಡುವೆ 17 ವರ್ಷಗಳು ಸಂದಿದ್ದವು.

ಪದಕ ಮತ್ತು ಭವಿಷ್ಯ

ಈ ಪಟ್ಟಿಯನ್ನು ಕಂಡು ಕಿರಿಯರ ಪದಕವೇ ಮುಂದಿನ ಹಾದಿಯನ್ನು ನಿರ್ಧರಿಸುತ್ತದೆಂದು ತಿಳಿಯಬಾರದು. ಸೈನಾ ಪುಣೆಯ ಗೆಲುವಿನ ನಾಲ್ಕೇ ವರ್ಷಗಳಲ್ಲಿ ಲಂಡನ್ ಒಲಿಂಪಿಕ್ಸ್‌ನ ಕಂಚು ಪಡೆದರು. ಆದರೆ 2010ರಲ್ಲಿ ಮೆಕ್ಸಿಕೋದ ಗ್ವಾಡಲಹಾರದಲ್ಲಿ ಕಿರಿಯರ ಕಂಚು ಗೆದ್ದ ಬಿ. ಸಾಯಿ ಪ್ರಣೀತ್‌ಗೆ ಹಿರಿಯರ ವಿಶ್ವ ಚಾಂಪಿಯನ್‌ಷಿಪ್‌ನ ಪದಕ ಸಿಕ್ಕಿದ್ದು 2019ರಲ್ಲಿ. ಅಂದು ಜೊತೆಗೇ ಕಂಚು ಪಡೆದಿದ್ದ ಎಚ್.ಎಸ್. ಪ್ರಣಯ್ ಅದಕ್ಕಾಗಿ 2023ರವರೆಗೆ, ಅಂದರೆ 13 ವರ್ಷ, ಕಾಯಬೇಕಾಯಿತು. ಇನ್ನು ಎರಡು ಒಲಿಂಪಿಕ್ ಪದಕಗಳನ್ನೂ 2019ರ ವಿಶ್ವ ಪ್ರಶಸ್ತಿಯನ್ನೂ ಗೆದ್ದ ಪಿ.ವಿ. ಸಿಂಧು ಅವರಿಗೆ ವಿಶ್ವ ಜೂನಿಯರ್ ಸ್ಪರ್ಧೆಯಲ್ಲಿ ಪದಕವೇ ದೊರೆಯಲಿಲ್ಲ.

ಈ ವಯಸ್ಸಿನ ಮಕ್ಕಳಿಗೆ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಪರೀಕ್ಷೆಗಳೂ ಎದುರಿರುತ್ತವೆ. ಆಟವೋ ಓದೋ ಎಂಬ ಪ್ರಶ್ನೆ ಅನೇಕ ಮನೆಗಳನ್ನು ಕಾಡುವುದು ಆಗಲೇ. 17ನೆಯ ವಯಸ್ಸಿನಲ್ಲಿ ಪದಕ ಬಾರದಿದ್ದರೆ ಎಲ್ಲವೂ ವ್ಯರ್ಥವಾಯಿತೆಂದು ಮಗುವಿನ ಮುಂದೆ ಆಡುವುದು ಸರಿಯಲ್ಲ. ಪದಕ ಬಂದೊಡನೆ ಒಲಿಂಪಿಕ್ಸ್‌ನ ಲೆಕ್ಕ ಹಾಕುವುದೂ ಅಷ್ಟೇ ಅವಸರದ ಮಾತು. ವಿಶ್ವ ಜೂನಿಯರ್ ಪದಕವು ಆ ವಾರದ ಆಟಕ್ಕೆ ಸಂದ ಗೌರವ. ಅದಕ್ಕಿಂತ ಹೆಚ್ಚಿನ ಭಾರವನ್ನು ಮಕ್ಕಳ ಹೆಗಲಿಗೆ ಹೊರಿಸದಿರುವುದು ಹಿರಿಯರಾದ ನಮ್ಮ ಹೊಣೆ.