ಜಗನ್ಮೋಹನ ಅರಮನೆ: ಒಡೆಯರ ಚಿತ್ರಸಂಗ್ರಹ

ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಚಿತ್ರಶಾಲೆ ಶುರುವಾದದ್ದು 1915ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಮೈಸೂರು ರಾಜಮನೆತನ ರಾಜಾ ರವಿವರ್ಮರನ್ನು ಕರೆಸಿ ಪುರಾಣದ ಪ್ರಸಂಗಗಳ ಚಿತ್ರಗಳನ್ನು ಬರೆಸಿತು. ನಮ್ಮವರೇ ಆದ ಕೆ. ವೆಂಕಟಪ್ಪನವರನ್ನು ಅವನೀಂದ್ರನಾಥ ಟಾಗೋರರ ಬಳಿ ಕಲಿಯಲು ಕಲ್ಕತ್ತೆಗೆ ಕಳಿಸಿತು. ಚಿತ್ರ ಕೊಳ್ಳುವುದಕ್ಕಿಂತ ಚಿತ್ರಕಾರನನ್ನು ಬೆಳೆಸುವುದು ದೊಡ್ಡ ಕೆಲಸ. 1955ರಲ್ಲಿ ಚಿತ್ರಶಾಲೆಗೆ ಜಯಚಾಮರಾಜೇಂದ್ರ ಒಡೆಯರ ಹೆಸರು ಬಂತು.

ಸಂಗ್ರಹದಲ್ಲಿ ಜನ ಹೆಚ್ಚು ಹುಡುಕಿಕೊಂಡು ಬರುವುದು ಚಿತ್ರಕಾರ ಎಸ್. ಎಲ್. ಹಲ್ದಂಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು. ರೂಪದರ್ಶಿ ಅವರ ಮಗಳೇ. ಜ್ವಾಲೆಗೆ ಅಡ್ಡ ಹಿಡಿದ ಅಂಗೈಯ ಬೆರಳುಗಳ ನಡುವೆ ಬೆಳಕು ಕೆಂಪಾಗಿ ಸೋಸಿ ಬರುವುದನ್ನು ಹತ್ತಿರದಿಂದ, ನಿಧಾನವಾಗಿ ನೋಡಿ. ತೈಲವರ್ಣವೆಂದು ಹಲವರು ಭಾವಿಸುವ ಇದು ಜಲವರ್ಣ. ಜಲವರ್ಣದಲ್ಲಿ ಬಣ್ಣ ಕಾಗದಕ್ಕೆ ಇಳಿದ ಮೇಲೆ ತಿದ್ದುವುದು ಬಹಳ ಕಷ್ಟ.