ಪರೀಕ್ಷೆಗೂ ಮಾತ್ರೆಗೂ ನಡುವಿನ 18 ವರ್ಷ

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನಲ್ಲಿ. ಡಾ. ಸುನೀತಿ ಸೋಲೊಮನ್, ಡಾ. ನಿರ್ಮಲಾ ಅವರ ಕೆಲಸ ಅದು. ಮುಂದಿನ ದಶಕದಲ್ಲಿ, ಜಯನಗರದ ಮಗ್ಗುಲಲ್ಲೇ ಇರುವ ನಿಮ್ಹಾನ್ಸ್‌ಗೆ ಮಿದುಳುಪೊರೆಯ ಉರಿಯೂತವೆಂದು ಬಂದವರಲ್ಲೂ ಈ ಸೋಂಕು ಕಾಣತೊಡಗಿತು. ಆಗ ಪರೀಕ್ಷೆ ಕಾಯಿಲೆಯ ಹೆಸರು ಹೇಳುತ್ತಿತ್ತು. ವೈರಾಣುವನ್ನು ಹತ್ತಿಕ್ಕುವ ಔಷಧಿ ಬಡವರಿಗೆ ಎಟುಕುತ್ತಿರಲಿಲ್ಲ. ಪರೀಕ್ಷೆಯ ಭಯ ಬೇರುಬಿಟ್ಟದ್ದು ಆ ವರ್ಷಗಳಲ್ಲಿ.

2004ರ ಏಪ್ರಿಲ್ 1ರಂದು ಸರ್ಕಾರ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭಿಸಿತು. ಮೊದಲ ಕೇಂದ್ರಗಳಲ್ಲಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯೂ ಒಂದು. 2017ರಿಂದ, ಸಿಡಿ4 ಎಣಿಕೆ ಎಷ್ಟೇ ಇರಲಿ, ಸೋಂಕು ಖಚಿತವಾದ ಎಲ್ಲರಿಗೂ ಚಿಕಿತ್ಸೆ ಉಂಟು. ಅದೇ ವರ್ಷದ ಕಾಯ್ದೆ ಪರೀಕ್ಷೆಗೆ ಒಪ್ಪಿಗೆಯನ್ನೂ ಫಲಿತಾಂಶಕ್ಕೆ ಗೋಪ್ಯತೆಯನ್ನೂ ಕಡ್ಡಾಯ ಮಾಡಿತು. ತಪ್ಪದೆ ಮಾತ್ರೆ ನುಂಗಿ, ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟದಲ್ಲೇ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ. ಅಂದಿನ ಭಯದಲ್ಲಿ ಇಂದು ಪರೀಕ್ಷೆಯನ್ನು ಮುಂದೂಡಿದವರು ಕಳೆದುಕೊಳ್ಳುವುದು ಇದನ್ನೇ.